ಎರಡನೇ ಮೇಲ್ಮನವಿಯನ್ನು ಸಿದ್ಧಪಡಿಸುವ ಬಗೆ

ಜಮೀನಿನ ದಾವೆಯೊಂದು ವಿಚಾರಣಾ ನ್ಯಾಯಾಲಯವನ್ನೂ ಮೊದಲ ಮೇಲ್ಮನವಿಯನ್ನೂ ದಾಟಿ ಕರ್ನಾಟಕ ಹೈಕೋರ್ಟಿಗೆ ಬರುವ ಹೊತ್ತಿಗೆ, ಯಾವ ಸಾಕ್ಷಿಯ ಮಾತು ನಂಬಲರ್ಹ ಎಂಬ ಚರ್ಚೆ ಬಹುಮಟ್ಟಿಗೆ ಮುಗಿದಿರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿಗೆ 1976ರಲ್ಲಿ ತಿದ್ದುಪಡಿಯಾದ ಮೇಲೆ, ಮಹತ್ವದ ಕಾನೂನು ಪ್ರಶ್ನೆ ಇದ್ದರಷ್ಟೇ ಎರಡನೇ ಮೇಲ್ಮನವಿ ನಿಲ್ಲುತ್ತದೆ. ಆ ಪ್ರಶ್ನೆಯನ್ನು ಕಡತದೊಳಗಿಂದ ಹೆಕ್ಕಿ ತೆಗೆಯುವುದೇ ಮೇಲ್ಮನವಿ ವಕೀಲರ ನಿಜವಾದ ಕೆಲಸ.

ಕಾಲಮಿತಿ ಮೊದಲ ಮೇಲ್ಮನವಿಯ ಡಿಕ್ರಿಯ (ತೀರ್ಪಿನ ಆಧಾರದಲ್ಲಿ ಹೊರಡಿಸುವ ವಿಧ್ಯುಕ್ತ ಆದೇಶದ) ದಿನಾಂಕದಿಂದ 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ಅವಧಿಯನ್ನು ಇದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲವಾದರೂ, ತೀರ್ಪು ಬಂದ ಕೂಡಲೇ ನಕಲಿಗೆ ಅರ್ಜಿ ಹಾಕಿಸಿ. ತಡವಾಗಿದ್ದರೆ ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ ಅರ್ಜಿ ಸಲ್ಲಿಸಿ, ಕಾರಣವನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ವಿವರವಾಗಿ ತಿಳಿಸಬೇಕು.

ಕಡತವನ್ನು ಓದುವಾಗ ತೀರ್ಪಿನಿಂದ ಆರಂಭಿಸಬೇಡಿ ಎಂಬುದು ನನ್ನ ಖಚಿತ ಸಲಹೆ. ಹಾಗೆ ಮಾಡಿದರೆ ನ್ಯಾಯಾಧೀಶರು ಕಂಡದ್ದನ್ನಷ್ಟೇ ನೀವೂ ಕಾಣುತ್ತೀರಿ. ವಾದಪತ್ರ, ಲಿಖಿತ ಹೇಳಿಕೆ, ವಿವಾದಾಂಶಗಳು, ಪಾಟೀಸವಾಲು, ದಾಖಲೆಗಳು ಇವನ್ನೆಲ್ಲ ಓದಿ, ಕೊನೆಗೆ ಎರಡೂ ತೀರ್ಪುಗಳನ್ನು ಎದುರುಬದುರು ಇಟ್ಟುಕೊಳ್ಳಿ. ಮೊದಲ ಮೇಲ್ಮನವಿ ನ್ಯಾಯಾಲಯವು ಕೆಳಗಿನ ತೀರ್ಪನ್ನು ರದ್ದುಪಡಿಸುವಾಗ ಅದರ ಕಾರಣಗಳಿಗೆ ಉತ್ತರ ಕೊಟ್ಟಿದೆಯೇ ಎಂದು ನೋಡಿ. ಆ ಹೊಣೆಯನ್ನು ಸುಪ್ರೀಂ ಕೋರ್ಟ್ 2001ರ ಸಂತೋಷ್ ಹಜಾರಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಇನ್ನು ಪ್ರಶ್ನೆಯ ರಚನೆ. 'ಸಾಕ್ಷ್ಯವನ್ನು ಸರಿಯಾಗಿ ಪರಿಶೀಲಿಸಿದ್ದಾರೆಯೇ?' ಎಂದು ಬರೆದರೆ ಪ್ರವೇಶದ ಹಂತದಲ್ಲೇ, ಅಂದರೆ ವಿಚಾರಣೆಗೆ ಅಂಗೀಕರಿಸುವ ಮುನ್ನವೇ, ಮೇಲ್ಮನವಿ ವಜಾ ಆಗಬಹುದು. ಬದಲಿಗೆ ಹೀಗೆ ಬರೆಯಿರಿ: 'ನಿಶಾನೆ ಪಿ-3ರ ನೋಂದಾಯಿತ ವಿಭಾಗಪತ್ರವನ್ನು ಪರಿಗಣಿಸದೆ, ಕೇವಲ ಮ್ಯುಟೇಶನ್ ನಮೂದನ್ನು ಆಧರಿಸಿ ಪ್ರತಿವಾದಿಗೆ ಹಕ್ಕು ಇದೆಯೆಂದು ತೀರ್ಮಾನಿಸಿದ್ದು ಕಾನೂನುಸಮ್ಮತವೇ?' ನಿಶಾನೆ ಪಿ-3 ಎಂದರೆ ವಾದಿಯ ಪರವಾಗಿ ಗುರುತಿಸಲಾದ ಮೂರನೇ ದಾಖಲೆ; ಮ್ಯುಟೇಶನ್ ಎಂದರೆ ಕಂದಾಯ ದಾಖಲೆಯಲ್ಲಿ ಹೆಸರಿನ ಬದಲಾವಣೆ. ಇಲ್ಲಿ ದಾಖಲೆಯೂ ಇದೆ, ತಪ್ಪೂ ಇದೆ, ಆ ತಪ್ಪು ಫಲಿತಾಂಶವನ್ನು ಹೇಗೆ ಬದಲಿಸಿತು ಎಂಬುದೂ ಇದೆ. ಇಂಥ ಒಂದೆರಡು ಪ್ರಶ್ನೆಗಳು ಸಾಕು. ಹತ್ತು ಪ್ರಶ್ನೆಗಳ ನಡುವೆ ಗಟ್ಟಿಯಾದದ್ದು ಮರೆಯಾಗುತ್ತದೆ. ಒಂದೂ ಸಿಗದಿದ್ದರೆ ಕಕ್ಷಿದಾರರಿಗೆ ಅದನ್ನು ನೇರವಾಗಿ ಹೇಳಿಬಿಡಿ, ಅವರ ಹಣವೂ ವರ್ಷಗಳೂ ಉಳಿಯುತ್ತವೆ.

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಯ ಅಮಲ್ಜಾರಿ (ಜಾರಿಗೊಳಿಸುವ ಪ್ರಕ್ರಿಯೆ) ನಿಲ್ಲುವುದಿಲ್ಲ. ಆದ್ದರಿಂದ ತಡೆಯಾಜ್ಞೆಯ ಅರ್ಜಿಯನ್ನು ಜೊತೆಯಲ್ಲೇ ಸಲ್ಲಿಸಿ, ಅಮಲ್ಜಾರಿ ಪ್ರಕರಣ ಯಾವ ಹಂತದಲ್ಲಿದೆ, ಮುಂದಿನ ದಿನಾಂಕ ಯಾವುದು ಎಂಬುದನ್ನು ಪ್ರಮಾಣಪತ್ರದಲ್ಲಿ ನಮೂದಿಸಿ.