ಸಂಜೆ ಏಳು ಗಂಟೆಯ ಮೀಟಿಂಗ್

ಕುಡಿತ ಬಿಡಬೇಕು ಅಂತಿರುವವರು ನನ್ನನ್ನು ಕೇಳುತ್ತಾರೆ, ಕುಡಿತ ಬಿಡುವವರು ಒಟ್ಟಿಗೆ ಕೂತು ಮಾತಾಡುವ ಗುಂಪುಗಳಲ್ಲಿ ಬೆಂಗಳೂರಿನಲ್ಲಿ ಯಾವುದು ಒಳ್ಳೇದು ಅಂತ. ನಾನು ಹೇಳುವುದು ಒಂದೇ. ನೀವು ಕುಡಿಯಲು ಕೂರುತ್ತಿದ್ದ ಹೊತ್ತಿಗೇ ನಡೆಯುವ, ಮನೆಗೆ ಹೋಗುವ ದಾರಿಯಲ್ಲೇ ಸಿಗುವ, ನಿಮ್ಮ ಭಾಷೆಯಲ್ಲಿ ಮಾತಾಡುವ ಗುಂಪು ಒಳ್ಳೇದು.

ಆದರೆ ಅದಕ್ಕೂ ಮೊದಲು ಡಾಕ್ಟರ್. ದಿನಾ ಕುಡಿಯುವವರು, ಬೆಳಗ್ಗೆ ಎದ್ದರೆ ಕೈ ನಡುಗುವವರು, ದೇವರ ಮೇಲೆ ಆಣೆ ಇಟ್ಟು ಒಂದೇ ಸಲ ನಿಲ್ಲಿಸಲು ಹೋಗಬೇಡಿ. ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವುದು, ಕೇಳಿಸುವುದು ಶುರುವಾಗಬಹುದು, ಜೀವಕ್ಕೇ ಅಪಾಯ. ನಾನು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋದೆ. ಕುಡಿತ ಬಿಡಿಸುವುದಕ್ಕೇ ಅಲ್ಲಿ ಪ್ರತ್ಯೇಕ ವಿಭಾಗ ಇದೆ. ನಡುಕ ತಡೆಯಲು ಸ್ವಲ್ಪ ದಿನಕ್ಕೆ ಮಾತ್ರೆ ಕೊಟ್ಟರು, ಜೊತೆಗೆ ಥಯಾಮಿನ್ ಅಂದರೆ ವಿಟಮಿನ್ ಬಿ1. ಡಾಕ್ಟರ್ ಆಗಲೇ ಹೇಳಿದರು, "ಮೈ ಸರಿ ಮಾಡೋದು ನಮ್ಮ ಕೆಲಸ, ಆದರೆ ಸಂಜೆ ಎಲ್ಲಿ ಕೂರ್ತೀರಿ ಅಂತ ಈಗಲೇ ಯೋಚನೆ ಮಾಡಿ."

ಮನೆಯವರಿಗೂ ಒಂದು ಮಾತು. ಗೊತ್ತಾಗದ ಹಾಗೆ ಸಾರಿನಲ್ಲಿ ಪುಡಿ ಬೆರೆಸಿ ಕೊಟ್ಟರೆ ಕುಡಿತ ಬಿಡುತ್ತಾರೆ ಅಂತ ಜಾಹೀರಾತು ಬರುತ್ತವಲ್ವಾ, ದಯವಿಟ್ಟು ಅದನ್ನು ಮಾಡಬೇಡಿ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಅನ್ನುವ ಮಾತ್ರೆ ಇರಬಹುದು, ಅದು ಮೈಯಲ್ಲಿದ್ದಾಗ ಕುಡಿದರೆ ವಾಂತಿ, ಎದೆಬಡಿತ ಶುರುವಾಗಿ ಬಿಪಿ ಕುಸಿಯುತ್ತದೆ, ಕೆಲವರಿಗೆ ಪ್ರಾಣಕ್ಕೇ ಬರುತ್ತದೆ. ಕುಡಿಯುವವನಿಗೆ ಗೊತ್ತಿದ್ದು, ಅವನೇ ಒಪ್ಪಿ, ಡಾಕ್ಟರ್ ನೋಡಿಕೊಂಡೇ ಕೊಡಬೇಕಾದ ಮಾತ್ರೆ ಅದು.

ನಾನು ಸೇರಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಅಂತಾರೆ. 1935ರಲ್ಲಿ ಅಮೆರಿಕದ ಆಕ್ರನ್ ಅನ್ನುವ ಊರಲ್ಲಿ ಶುರುವಾಗಿದ್ದು. ಒಬ್ಬ ಷೇರು ವ್ಯವಹಾರದವನು, ಒಬ್ಬ ಡಾಕ್ಟರ್, ಇಬ್ಬರೂ ಕುಡಿತದಿಂದ ಸೋತವರು, ಒಬ್ಬರ ಹತ್ತಿರ ಒಬ್ಬರು ಮಾತಾಡುತ್ತಾ ಬಿಟ್ಟರು. ಈಗಲೂ ಅಲ್ಲಿ ನಡೆಯುವುದು ಅದೇ. ಫೀಸ್ ಇಲ್ಲ, ಅರ್ಜಿ ಇಲ್ಲ, ಕುಡಿತ ಬಿಡುವ ಆಸೆ ಇದ್ದರೆ ಸಾಕು.

ಮೊದಲು ಹೋಗಿದ್ದು ಒಂದು ಇಂಗ್ಲಿಷ್ ಮೀಟಿಂಗಿಗೆ. ಅವರು ಹೇಳುವುದೆಲ್ಲ ಅರ್ಥವಾಗುತ್ತಿತ್ತು, ಆದರೆ ಹೆಂಡತಿ ಮಕ್ಕಳ ಮುಂದೆ ತಲೆ ಎತ್ತದ ಹಾಗಾಗಿದ್ದನ್ನು ಇಂಗ್ಲಿಷಲ್ಲಿ ಹೇಳೋಕೆ ನನ್ನಿಂದ ಆಗಲಿಲ್ಲ. ಅಲ್ಲೇ ಒಬ್ಬ ಹಿರಿಯರು ಕನ್ನಡ ಮೀಟಿಂಗ್ ಎಲ್ಲೆಲ್ಲಿ, ಯಾವ ದಿನ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಕಾಮಾಕ್ಷಿಪಾಳ್ಯದ ಮನೆಗೆ ಹೋಗುವ ದಾರಿಯಲ್ಲೇ ಒಂದು ಇತ್ತು, ಸಂಜೆ ಏಳಕ್ಕೆ. ನಾನು ಬಾರಿಗೆ ಹೋಗುತ್ತಿದ್ದದ್ದೂ ಅದೇ ಏಳು ಗಂಟೆಗೆ. ಮೀಟಿಂಗ್ ಮುಗಿಸಿ, ಹೊರಗೆ ನಿಂತು ಟೀ ಕುಡಿದು ಮನೆ ಸೇರುವಷ್ಟರಲ್ಲಿ ಒಂಬತ್ತಾಗುತ್ತದೆ, ಹೊಟ್ಟೆ ಹಸಿದಿರುತ್ತದೆ, ಊಟ ಮಾಡಿ ಮಲಗುವುದೇ. ದಿನದಲ್ಲಿ ಅತಿ ಕಷ್ಟದ ಹೊತ್ತು ಹಾಗೆ ದಾಟಿಹೋಗುತ್ತದೆ.

ತುಂಬಾ ಕಡೆ ಮೀಟಿಂಗ್ ನಡೆಯುವುದು ಚರ್ಚಿನ ಕೋಣೆಯಲ್ಲಿ, ಇಲ್ಲ ಶಾಲೆಯಲ್ಲಿ. ಚರ್ಚ್ ನೋಡಿ ಮತಾಂತರ ಅಂತ ಹೆದರಬೇಡಿ, ಜಾಗ ಮಾತ್ರ ಅವರದು. ಪ್ರಾರ್ಥನೆ ಇರುತ್ತದೆ, ದೇವರ ಮಾತೂ ಬರುತ್ತದೆ, ಯಾವ ದೇವರು ಅನ್ನುವುದು ನಿಮಗೆ ಬಿಟ್ಟಿದ್ದು. ದೇವರನ್ನೇ ನಂಬದವರೂ ನಮ್ಮ ಜೊತೆ ಕೂರುತ್ತಾರೆ.

ಒಬ್ಬೊಬ್ಬರೇ ಹೆಸರು ಹೇಳಿ, ನಾನೊಬ್ಬ ಆಲ್ಕೊಹಾಲಿಕ್ ಅಂತ ಶುರು ಮಾಡುತ್ತಾರೆ. ಪೂರ್ತಿ ಹೆಸರು, ಕೆಲಸ, ಜಾತಿ ಯಾರೂ ಕೇಳುವುದಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಉಪದೇಶ ಮಾಡುವುದಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ, ಯಾಕೆಂದರೆ ಉಪದೇಶ ಎಲ್ಲರ ಮನೆಯಲ್ಲೂ ಬೇಕಾದಷ್ಟು ಸಿಕ್ಕಿರುತ್ತದೆ. ನನ್ನ ಸರದಿ ಬಂದಾಗ ಗಂಟಲು ಕಟ್ಟಿತು. ಪಕ್ಕದ ಅಣ್ಣ ಮೆಲ್ಲಗೆ, "ಮಾತಾಡ್ಲೇಬೇಕು ಅಂತೇನಿಲ್ಲಪ್ಪ, ಸುಮ್ನೆ ಕೂತ್ಕೊ, ನಾಳೆ ಬಾ" ಅಂದರು. ಅವರೇ ಮುಂದೆ ನನ್ನ ಸ್ಪಾನ್ಸರ್ ಆದರು. ಸ್ಪಾನ್ಸರ್ ಅಂದರೆ ದುಡ್ಡು ಕೊಡುವವರಲ್ಲ. ನಮಗಿಂತ ಮುಂಚೆ ಬಿಟ್ಟು, ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಸ್ಟೆಪ್‌ಗಳನ್ನು ಜೊತೆಗಿದ್ದು ಮಾಡಿಸುವವರು. ಅವರು ಹಾಕಿದ ನಿಯಮ ಒಂದೇ: ಕುಡಿದ ಮೇಲೆ ಅಲ್ಲ, ಕುಡಿಯಬೇಕು ಅನ್ನಿಸಿದಾಗ ಫೋನ್ ಮಾಡು. ಸಂಬಳದ ದಿನ, ಮದುವೆ ಮನೆ, ಊರಹಬ್ಬದ ಬಾಡೂಟ, ಹೋಗುವ ಮುಂಚೆಯೇ ಮಾಡುತ್ತೇನೆ. ಈಗಲೂ ಮಾಡುತ್ತೇನೆ.

ಮೀಟಿಂಗಿನ ಕೊನೆಗೆ ದುಡ್ಡು ಹಾಕಲು ಒಂದು ಚೀಲ ಸುತ್ತು ಬರುತ್ತದೆ, ಜಾಗದ ಬಾಡಿಗೆಗೆ, ಟೀಗೆ. ಹೊಸಬರು ಹಾಕಲೇಬೇಕು ಅಂತಿಲ್ಲ.

ನನ್ನ ಹೆಂಡತಿ ಅಲ್-ಅನಾನ್‌ಗೆ ಹೋಗುತ್ತಾಳೆ, ಅದು ಕುಡಿಯುವವರ ಮನೆಯವರದ್ದೇ ಬೇರೆ ಗುಂಪು. ಒಂದು ದಿನ ಬಂದವಳೇ, "ರೀ, ಇನ್ಮೇಲೆ ನಿಮ್ಮ ಬಾಯಿ ಮೂಸಿ ನೋಡಲ್ಲ, ನನ್ನ ನಿದ್ದೆ ನಾನು ಮಾಡ್ತೀನಿ" ಅಂದಳು. ನಮ್ಮ ಮನೆ ತಣ್ಣಗಾಗಿದ್ದರಲ್ಲಿ ಅರ್ಧ ಪಾಲು ಅವಳ ಮೀಟಿಂಗಿನದು.

ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ 14446ಕ್ಕೆ ಫೋನ್ ಮಾಡಿ, ಅದು ವ್ಯಸನ ಬಿಡಿಸುವ ಸರ್ಕಾರಿ ಸಹಾಯವಾಣಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಇದೆ, ಕನ್ನಡದಲ್ಲೇ ಮಾತಾಡಬಹುದು. ಮೀಟಿಂಗ್ ಗೊತ್ತಾದ ಮೇಲೆ ಮೊದಲ ದಿನ ಸ್ವಲ್ಪ ಬೇಗ ಹೋಗಿ. ಬಾಗಿಲು ತೆಗೆದು ಕುರ್ಚಿ ಹಾಕುವವರು ಒಬ್ಬರೋ ಇಬ್ಬರೋ ಇರುತ್ತಾರೆ, ನಾನು ಹೊಸಬ ಅಂತ ಅವರಿಗೆ ಹೇಳಿದರೆ ಸಾಕು, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.