ಅಡೇನಿಯಂ: ಮಳೆಗಾಲ ದಾಟಿಸುವುದು ಹೇಗೆ?

ಡಿಸೆಂಬರಿನಲ್ಲಿ ಹೂವಿನ ಸಮೇತ ನರ್ಸರಿಯಿಂದ ತಂದ ಅಡೇನಿಯಂ ಜುಲೈ ಹೊತ್ತಿಗೆ ಬುಡ ಕೊಳೆತು ವಾಲುವುದು ಮಂಗಳೂರು, ಉಡುಪಿ ಕಡೆ ಮಾಮೂಲು. ಆಫ್ರಿಕಾ, ಅರೇಬಿಯಾದ ಒಣನೆಲದ ಪೊದೆ ಇದು. ಉಬ್ಬಿದ ಬುಡದಲ್ಲಿ ನೀರು ಕೂಡಿಟ್ಟುಕೊಂಡು ಬದುಕುತ್ತದೆ. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ಹಾಗಾಗಿ ಮೊದಲ ಕೆಲಸ, ಕುಂಡ ಬದಲಿಸುವುದು. ನರ್ಸರಿಯ ಗಿಡ ಹೆಚ್ಚಾಗಿ ಕೊಕೊಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿರುತ್ತದೆ. ಸಾಗಿಸಲು ಹಗುರ, ಸರಿ. ಮಳೆಗಾಲದಲ್ಲಿ ಮಾತ್ರ ಅದು ಒಣಗುವುದೇ ಇಲ್ಲ. ಬೇರಿನಿಂದ ಪೂರ್ತಿ ಬಿಡಿಸಿ ತೊಳೆದು, ಗಿಡವನ್ನು ನಾಲ್ಕು ದಿನ ನೆರಳಲ್ಲಿ ಹಾಗೇ ಮಲಗಿಸಿ. ಹರಿದ ಬೇರಿನ ಗಾಯ ಒಣಗಬೇಕು.

ಮಿಶ್ರಣಕ್ಕೆ ದಪ್ಪ ನದಿ ಹೊಯಿಗೆ ಎರಡು ಪಾಲು, ಒಡೆದ ಹಂಚು ಎರಡು ಪಾಲು, ಹಳೆಯ ಸೆಗಣಿ ಗೊಬ್ಬರ ಒಂದು ಪಾಲು, ಮೇಲೊಂದು ಹಿಡಿ ಬೇವಿನ ಹಿಂಡಿ. ಹಂಚನ್ನು ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿ ಜರಡಿ ಹಿಡಿಯಿರಿ. ಧೂಳು ಉಳಿದರೆ ನೀರು ಬಸಿಯುವ ಸಂದುಗಳು ಕಟ್ಟಿಕೊಳ್ಳುತ್ತವೆ. ಹಿತ್ತಿಲಲ್ಲಿ ಹಳೆ ಹಂಚಿನ ರಾಶಿ ಇದ್ದವರು ನೀರು ಬಸಿಯಲೆಂದು ಬೆರೆಸುವ ಪರ್ಲೈಟ್ ಹರಳನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ಕಡಲ ಹೊಯಿಗೆ ಬೇಡ, ಉಪ್ಪು.

ಬುಡಕ್ಕಿಂತ ಎರಡು ಇಂಚು ಅಗಲದ, ಆಳ ಕಡಿಮೆಯ ಮಣ್ಣಿನ ಕುಂಡ ಸಾಕು. ಉಬ್ಬಿದ ಭಾಗ ಹೊರಗೇ ಇರಲಿ. ಮೊದಲ ನೀರು ಒಂದು ವಾರ ಕಳೆದ ಮೇಲೆ. ಕುಂಡದಡಿ ತಟ್ಟೆ ಇಡದೆ, ಮೂರು ಇಟ್ಟಿಗೆ ತುಂಡಿನ ಮೇಲೆ ಕೂರಿಸಿ.

ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಎರಡು ಇಂಚು ಆಳದವರೆಗೆ ಒಣಗಿದ ಮೇಲಷ್ಟೇ ನೀರು. ಯೂರಿಯಾ ಹಾಕಿದರೆ ಕೊಂಬೆ ಉದ್ದವಾಗುತ್ತದೆ, ಹೂವು ಬರುವುದಿಲ್ಲ. ಕಸಿ ಗಿಡವಾದರೆ ಗಂಟಿನ ಕೆಳಗಿನ ಚಿಗುರು ಚಿವುಟುತ್ತಿರಿ.

ಮೇ ಕೊನೆಯ ವಾರ ಕುಂಡಗಳನ್ನು ಮಾಡಿನಡಿಗೆ ತನ್ನಿ. ಪಶ್ಚಿಮದ ಜಗಲಿಗೆ ಎರಚಲು ಹೊಡೆಯುತ್ತದೆ, ಪೂರ್ವದ ಜಗಲಿ ಒಳ್ಳೆಯದು. ಮಾಡಿನ ನೀರು ಬಿದ್ದು ಸಿಡಿಯುವ ಸಾಲಿನಿಂದ ಎರಡಡಿ ಒಳಗಿರಲಿ, ಗಾಳಿ ಆಡಲಿ. ಎಲೆ ಹಳದಿಯಾಗಿ ಉದುರುತ್ತದೆ. ಇಲ್ಲೇ ಹೆಚ್ಚಿನವರು ಎಡವುವುದು: ಬೋಳಾದ ಗಿಡ ಕಂಡು ಪಾಪ ಅನ್ನಿಸಿ ಒಂದು ಚೊಂಬು ನೀರು ಹೊಯ್ಯುತ್ತಾರೆ. ಎಲೆ ಇಲ್ಲದ ಗಿಡ ನೀರು ಎಳೆಯುವುದಿಲ್ಲ, ಬೇರು ಕೊಳೆಯುತ್ತದೆ. ಬುಡ ಗಟ್ಟಿ ಇರುವವರೆಗೆ ಎರಡು ವಾರಕ್ಕೊಮ್ಮೆ ಅರ್ಧ ಲೋಟ ಧಾರಾಳವಾಯಿತು.

ವಾರಕ್ಕೊಮ್ಮೆ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಎಲ್ಲ ಕಡೆ ತುಸು ಮೆತ್ತಗಿದ್ದರೆ ಬಾಯಾರಿಕೆ. ಒಂದೇ ಕಡೆ ಕುಸಿದು, ಕಂದಾಗಿ, ವಾಸನೆ ಬಂದರೆ ಕೊಳೆ. ತಕ್ಷಣ ಕಿತ್ತು, ಸ್ಪಿರಿಟ್‌ನಲ್ಲಿ ಒರೆಸಿದ ಚೂರಿಯಿಂದ ಕೆತ್ತುತ್ತಾ ಹೋಗಿ. ಕಂದು ಚುಕ್ಕೆಯೊಂದೂ ಕಾಣದ ಬಿಳಿ ತಿರುಳು ಸಿಗುವವರೆಗೆ ನಿಲ್ಲಿಸಬೇಡಿ. ಗಾಯಕ್ಕೆ ಶಿಲೀಂಧ್ರನಾಶಕ ಕಾಪರ್ ಆಕ್ಸಿಕ್ಲೋರೈಡ್ ಪುಡಿ ಹಚ್ಚಿ (ಅಡಿಕೆ ತೋಟ ಇರುವ ಮನೆಯಲ್ಲಿ ಹೇಗೂ ಸಿಕ್ಕೀತು), ಎರಡು ವಾರ ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ, ಒಣ ಮಿಶ್ರಣದಲ್ಲಿ ಮತ್ತೆ ನೆಡಿ.

ಕೊಂಬೆ ಸವರುವ ಕೆಲಸ ಫೆಬ್ರವರಿಗೆ. ಕೊಂಬೆಯ ಮೂರನೇ ಒಂದು ಭಾಗ ತೆಗೆದರೆ ಹೊಸ ಚಿಗುರು ಬಂದು ಅದರ ತುದಿಯಲ್ಲಿ ಹೂವು. ಆಗ ಕೈಗವಸು ಹಾಕಿಕೊಳ್ಳಿ. ಇದು ಕಣಗಿಲೆಯ ಬಳಗ, ಹಾಲು ವಿಷ. ಕತ್ತರಿಸಿದ ಕೊಂಬೆಗಳನ್ನು ಹಟ್ಟಿಯ ಕಡೆ ಎಸೆಯಬೇಡಿ.