ನಾನ್-ಬ್ಲಾಕಿಂಗ್ ಪೈಪ್ ವಿಷ್ಯದಲ್ಲಿ ನನ್ನ ಅನುಭವ

ಪುಣೆ ಹಿಂಜವಡಿಯಲ್ಲಿ ನಮ್ಮ ಟೀಮಲ್ಲಿ ಅರ್ಧ ಜನ ಹುಬ್ಬಳ್ಳಿ-ಬೆಳಗಾವಿ ಕಡೆಯವ್ರೇ. ನಮ್ಮ ಪ್ರೋಗ್ರಾಮ್ ತುಂಬಾ ಥ್ರೆಡ್ (ಒಟ್ಟೊಟ್ಟಿಗೆ ಓಡೋ ಕೆಲಸದ ಎಳೆ) ಇಟ್ಕೊಂಡು ಕಮಾಂಡ್‌ಗಳನ್ನ ಚೈಲ್ಡ್ ಪ್ರೋಸೆಸ್ ಆಗಿ, ಅಂದ್ರೆ ತಾನೇ ಶುರು ಮಾಡೋ ಬೇರೆ ಪ್ರೋಗ್ರಾಮ್ ಆಗಿ ಓಡಿಸುತ್ತೆ, ಔಟ್‌ಪುಟ್‌ನ ಪೈಪಿಂದ (ಒಂದು ತುದೀಲಿ ಬರೆದದ್ದನ್ನ ಇನ್ನೊಂದು ತುದೀಲಿ ಓದೋ ದಾರಿ) ಓದುತ್ತೆ. ಸರ್ವರ್ ಲಿನಕ್ಸ್, ಲ್ಯಾಪ್‌ಟಾಪ್ ಮ್ಯಾಕ್, ಎರಡ್ರಲ್ಲೂ ನಡೀಬೇಕು. ಒಂದಿನ ಜೊತೆಲಿರೋ ಹುಡುಗ ಬಂದು "ಅಣ್ಣಾ, ಚೈಲ್ಡ್ ಸತ್ತು ಎಷ್ಟೋತ್ತಾತು, ಪೈಪ್ ಇನ್ನೂ ಇಒಎಫ್ ಕೊಡವಲ್ದು" ಅಂದ. ಇಒಎಫ್ ಅಂದ್ರೆ ಇನ್ನು ಓದೋಕೆ ಏನೂ ಇಲ್ಲ ಅನ್ನೋ ಸೂಚನೆ, ಬರೆಯೋ ತುದಿಗಳೆಲ್ಲಾ ಮುಚ್ಚಿದ ಮೇಲೇ ಬರುತ್ತೆ.

ಕಾರಣ ಇಷ್ಟು: ಹಳೇ ಕೋಡ್ ಮೊದಲು ಪೈಪ್ ಮಾಡೋ ಕಾಲ್ ಕರೆದು, ಆಮೇಲೆ ಎಫ್‌ಸಿಎನ್‌ಟಿಎಲ್ ಅನ್ನೋ ಇನ್ನೊಂದು ಕಾಲ್‌ನಿಂದ ಕ್ಲೋಸ್-ಆನ್-ಎಕ್ಸೆಕ್ (ಹೊಸ ಪ್ರೋಗ್ರಾಮ್ ಶುರುವಾದಾಗ ಈ ತುದಿ ತಾನೇ ಮುಚ್ಚಲಿ ಅನ್ನೋ ಫ್ಲ್ಯಾಗ್) ಹಾಕ್ತಿತ್ತು. ಆ ಎರಡು ಕಾಲ್ ಮಧ್ಯೆ ಇನ್ನೊಂದು ಥ್ರೆಡ್ ಫೋರ್ಕ್ ಮಾಡಿ (ಪ್ರೋಸೆಸ್‌ನ ನಕಲು ಮಾಡಿ) ಎಕ್ಸೆಕ್ ಮಾಡಿದ್ರೆ (ಆ ನಕಲಲ್ಲಿ ಹೊಸ ಪ್ರೋಗ್ರಾಮ್ ಶುರು ಮಾಡಿದ್ರೆ), ಸಂಬಂಧಾನೇ ಇಲ್ದಿರೋ ಆ ಚೈಲ್ಡ್ ಹತ್ರ ನಮ್ಮ ಪೈಪಿನ ಬರೆಯೋ ತುದಿ ಒಂದು ಉಳಿದುಬಿಡುತ್ತೆ, ಅದು ಸಾಯೋವರ್ಗೂ ನಮಗೆ ಇಒಎಫ್ ಇಲ್ಲ. ಲಿನಕ್ಸ್ 2.6.27ರಲ್ಲಿ, 2008ರಲ್ಲಿ, ಪೈಪ್2 ಅನ್ನೋ ಹೊಸ ಕಾಲ್ ಬಂದಿದ್ದೇ ಇದಕ್ಕೆ. ಪೈಪ್ ಹುಟ್ಟುವಾಗಲೇ ಫ್ಲ್ಯಾಗ್ ಇರುತ್ತೆ. ಫ್ರೀಬಿಎಸ್‌ಡಿ 10ರಿಂದ ಅಲ್ಲೂ ಇದೆ, ಯುನಿಕ್ಸ್ ಥರದ ಸಿಸ್ಟಮ್‌ಗಳ ಸ್ಟ್ಯಾಂಡರ್ಡ್ ಆದ ಪೋಸಿಕ್ಸ್‌ನ 2024ರ ಆವೃತ್ತಿಗೂ ಸೇರಿದೆ.

ಆದ್ರೆ ಸುಮಾರು ಜನ ಪೈಪ್2ಗೆ ಓ_ನಾನ್‌ಬ್ಲಾಕ್‌ನೂ (ಕಾಯದೆ ತಕ್ಷಣ ವಾಪಸ್ ಬಾ ಅನ್ನೋ ನಾನ್-ಬ್ಲಾಕಿಂಗ್ ಫ್ಲ್ಯಾಗ್) ಜೊತೇಲೇ ಕೊಟ್ಟುಬಿಡ್ತಾರೆ, ಚೈಲ್ಡ್ ಜೊತೆ ಮಾತಾಡೋ ಪೈಪಿಗೆ ನಾನಂತೂ ಬೇಡ ಅಂತೀನಿ. ಅದು ಎರಡೂ ತುದಿಗೆ ಅನ್ವಯ ಆಗುತ್ತೆ, ಕ್ಲೋಸ್-ಆನ್-ಎಕ್ಸೆಕ್ ಥರ ಡಿಸ್ಕ್ರಿಪ್ಟರ್‌ಗೆ (ತೆರೆದ ತುದಿಯ ನಂಬರ್) ಸೇರಿದ್ದಲ್ಲ, ಒಳಗಿನ ಓಪನ್ ಫೈಲ್ ಡಿಸ್ಕ್ರಿಪ್ಷನ್‌ಗೆ (ಆ ನಂಬರ್ ತೋರಿಸೋ ಕರ್ನೆಲ್‌ನ ದಾಖಲೆ) ಸೇರಿದ್ದು, ಡಪ್2 (ಅದೇ ತುದಿಗೆ ಇನ್ನೊಂದು ನಂಬರ್ ಕೊಡೋದು) ಮಾಡಿದ್ರೂ ಎಕ್ಸೆಕ್ ಮಾಡಿದ್ರೂ ಹೋಗಲ್ಲ. ಹಂಗಾಗಿ ಚೈಲ್ಡ್‌ನ ಸ್ಟ್ಯಾಂಡರ್ಡ್ ಔಟ್‌ಪುಟ್ ನಾನ್-ಬ್ಲಾಕಿಂಗ್ ಆಗುತ್ತೆ, ಪೈಪ್ ತುಂಬಿದ ತಕ್ಷಣ ಅದಕ್ಕೆ ಇಅಗೇನ್ (ಈಗ ಆಗಲ್ಲ, ಆಮೇಲೆ ಪ್ರಯತ್ನಿಸು ಅನ್ನೋ ಕೋಡ್) ಬರುತ್ತೆ, ಸಾಮಾನ್ಯ ಕಮಾಂಡ್‌ಗಳು ಅದನ್ನ ಎರರ್ ಅಂತಲೇ ತಿಳ್ಕೊಂಡು ನಿಂತುಬಿಡ್ತವೆ. ಲಿನಕ್ಸಲ್ಲಿ ಡೀಫಾಲ್ಟ್ ಪೈಪ್ 65,536 ಬೈಟ್, ಚಿಕ್ಕ ಟೆಸ್ಟಲ್ಲಿ ಇದು ಕಾಣೋದೇ ಇಲ್ಲ.

ಎರಡು ತುದಿಗೂ ಬೇರೆ ಬೇರೆ ಡಿಸ್ಕ್ರಿಪ್ಷನ್ ಇರೋದ್ರಿಂದ ನಾವು ಪೈಪ್2ಗೆ ಓ_ಕ್ಲೋಎಕ್ಸೆಕ್ (ಕ್ಲೋಸ್-ಆನ್-ಎಕ್ಸೆಕ್ ಫ್ಲ್ಯಾಗ್) ಮಾತ್ರ ಕೊಟ್ವಿ, ಆಮೇಲೆ ನಮ್ಮ ಓದೋ ತುದಿಗಷ್ಟೇ ಎಫ್‌ಸಿಎನ್‌ಟಿಎಲ್‌ನ ಎಫ್_ಗೆಟ್‌ಎಫ್‌ಎಲ್‌ನಿಂದ ಹಳೇ ಫ್ಲ್ಯಾಗ್ ತಗೊಂಡು ಓ_ನಾನ್‌ಬ್ಲಾಕ್ ಸೇರಿಸಿ ವಾಪಸ್ ಇಟ್ವಿ. ಇದಕ್ಕೆ ಅವಸರ ಇಲ್ಲ, ಓದೋಕೆ ಶುರು ಮಾಡೋ ಮುಂಚೆ ಆದ್ರೆ ಸಾಕು. ಸಿಗ್ನಲ್ ಬಂದಾಗ ಓಡೋ ಹ್ಯಾಂಡ್ಲರ್‌ನಿಂದ ಒಂದು ಬೈಟ್ ಬರೆದು, ಡೇಟಾಗೆ ಕಾಯ್ತಿರೋ ಪೋಲ್ ಕಾಲ್‌ನ ಎಬ್ಬಿಸೋ ಪೈಪ್ ಮಾತ್ರ ಬೇರೆ, ಎರಡೂ ತುದಿ ನಮ್ಮದೇ ಆದ್ದರಿಂದ ಅಲ್ಲಿ ಎರಡು ಫ್ಲ್ಯಾಗೂ ಒಟ್ಟಿಗೆ ಕೊಡ್ತೀವಿ.

ನಮ್ಮ ಮ್ಯಾಕ್‌ಗಳಲ್ಲಿ ಪೈಪ್2 ಇರ್ಲಿಲ್ಲ. ಅಲ್ಲಿಗೆ ಗೋ ಭಾಷೆಯ ಫೋರ್ಕ್‌ಲಾಕ್ ಥರದ್ದೇ ಮಾಡಿದ್ವಿ: ಪೈಪ್ ಮಾಡಿ ಫ್ಲ್ಯಾಗ್ ಹಾಕೋ ಥ್ರೆಡ್‌ಗಳು ರೀಡ್ ಲಾಕ್ (ಹಲವರು ಒಟ್ಟಿಗೆ ಹಿಡಿಯಬಹುದು) ಹಿಡೀತವೆ, ಫೋರ್ಕ್ ಮಾಡೋ ಥ್ರೆಡ್ ರೈಟ್ ಲಾಕ್ (ಒಬ್ಬರೇ ಹಿಡಿಯಬೇಕು). ಯಾವುದಾದ್ರೂ ಲೈಬ್ರರಿ ತನ್ನಷ್ಟಕ್ಕೆ ತಾನೇ ಫೋರ್ಕ್ ಮಾಡಿದ್ರೆ ಈ ಲಾಕ್ ಅದನ್ನ ತಡೆಯಲ್ಲ, ಅದಕ್ಕೇ ಒಳಗೊಳಗೇ ಫೋರ್ಕ್ ಮಾಡೋ popen(), system() ಫಂಕ್ಷನ್‌ಗಳನ್ನ ಕರೆಯೋ ಜಾಗಗಳನ್ನೆಲ್ಲಾ ಹುಡುಕಿ ತೆಗೆದ್ವಿ.

ಇನ್ನೊಂದು, ಚೈಲ್ಡಲ್ಲಿ ಡಪ್2 ಮಾಡಿದ್ರೆ ಹೊಸ ನಂಬರಿಗೆ ಕ್ಲೋಸ್-ಆನ್-ಎಕ್ಸೆಕ್ ಇರಲ್ಲ, ಸರಿ. ಆದ್ರೆ ಪೇರೆಂಟ್ (ಚೈಲ್ಡ್‌ನ ಶುರು ಮಾಡೋ ನಮ್ಮ ಪ್ರೋಗ್ರಾಮ್) ಶುರುವಾದಾಗಲೇ ಸ್ಟ್ಯಾಂಡರ್ಡ್ ಔಟ್‌ಪುಟ್‌ನ ನಂಬರ್ ಆದ 1 ಮುಚ್ಚಿಕೊಂಡಿದ್ರೆ ಪೈಪಿನ ತುದಿಗೇ 1 ಸಿಗಬಹುದು, ಆಗ ಡಪ್2 ಏನೂ ಮಾಡಲ್ಲ, ಫ್ಲ್ಯಾಗ್ ಹಂಗೇ ಇರುತ್ತೆ, ಎಕ್ಸೆಕ್ ಆದ ಮೇಲೆ ಔಟ್‌ಪುಟ್ಟೇ ಇಲ್ಲ. ಎರಡು ನಂಬರ್ ಒಂದೇ ಇದ್ರೆ ಎಫ್‌ಸಿಎನ್‌ಟಿಎಲ್‌ನ ಎಫ್_ಸೆಟ್‌ಎಫ್‌ಡಿಯಿಂದ ಫ್ಲ್ಯಾಗ್ ಕೈಯಾರೆ ತೆಗೀರಿ.